ಮಳೆ ಬಂತು, ಮರೆತುಬಿಟ್ವಿ

ಹೋದ ವಾರ ನನ್ನ ರೂಮ್‌ಮೇಟ್ ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದ. ಅವನ ತಂಗಿ ಮನೆ ತಾರಸಿಯಿಂದ ತೆಗೆದು ಕಳಿಸಿದ್ದು. ಮಳೆಗೆ ಒದ್ದೆಯಾದ ತಾರಸಿ, ಅದರಾಚೆ ಭತ್ತದ ಗದ್ದೆ, ಗದ್ದೆಯಾಚೆ ಒಂದು ದೊಡ್ಡ ಹಸಿರು ಬೆಟ್ಟ. ‘ನೀನು ಬಂದಾಗ ಇದು ಇರಲಿಲ್ಲ ಅಲ್ವಾ?’ ಅಂತ ನಕ್ಕ.

ನಾನು ಹೋಗಿದ್ದಾಗಲೂ ಬೆಟ್ಟ ಅಲ್ಲೇ ಇತ್ತು. ಕಾಣ್ತಾ ಇರಲಿಲ್ಲ, ಅಷ್ಟೇ.

ಅವನ ಊರು ನೇಪಾಳದ ಭಕ್ತಪುರ. ಕಠ್ಮಂಡು ಕಣಿವೆಯ ಪೂರ್ವ ಭಾಗದಲ್ಲಿರೋ ಹಳೇ ಊರು. ಮೂರನೇ ಸೆಮ್ ಪರೀಕ್ಷೆ ಮುಗಿದ ಮೇಲೆ ಜನವರಿಯಲ್ಲಿ ನಾನೂ ಅವನ ಜೊತೆ ಹೋಗಿದ್ದೆ. ಯಶವಂತಪುರದಿಂದ ಗೋರಖ್‌ಪುರದವರೆಗೆ ಟ್ರೇನು, ಅಲ್ಲಿಂದ ಸೋನೌಲಿ ಗಡಿ, ಆಮೇಲೆ ರಾತ್ರಿ ಬಸ್ಸು. ನನ್ನ ತಲೆಯಲ್ಲಿದ್ದ ನೇಪಾಳ ಅಂದ್ರೆ ಹಿಮಾಲಯ, ನೀಲಿ ಆಕಾಶ, ತಣ್ಣಗಿನ ಸ್ವಚ್ಛ ಗಾಳಿ. ಬೆಳಗ್ಗೆ ಬಸ್ಸು ನಾಗ್‌ಢುಂಗಾ ಅನ್ನೋ ಘಟ್ಟದ ತುದಿಗೆ ಬಂದಾಗ, ಇಲ್ಲಿಂದ ಇಡೀ ಕಣಿವೆ ಕಾಣುತ್ತೆ ಅಂತ ಅವನು ನನ್ನನ್ನ ಎಬ್ಬಿಸಿದ. ನನಗೆ ಕಂಡಿದ್ದು ಊರಲ್ಲ. ಮೇಲೆ ಬಿಸಿಲು, ಕೆಳಗೆ ಕಂದು ಬಣ್ಣದ ಒಂದು ಪದರ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಸಮನಾಗಿ. ಬಸ್ಸು ಆ ಗೆರೆಯ ಕೆಳಗೆ ಇಳೀತು. ಸ್ವಲ್ಪ ಹೊತ್ತಿಗೆ ಗಂಟಲು ಕೆರೆಯೋಕೆ ಶುರುವಾಯ್ತು.

ಅವರ ಮನೆಯಲ್ಲಿ ಅಜ್ಜಿ ಇದ್ದಾರೆ. ಅವರು ನೇವಾರರು. ಅವರ ಭಾಷೆಯಲ್ಲಿ ಅಜ್ಜಿಗೆ ‘ಅಜಿ’ ಅಂತಾರೆ ಅಂತ ಗೊತ್ತಾಗಿ ಖುಷಿಯಾಯ್ತು, ಯಾಕಂದ್ರೆ ಆ ಮನೆಯಲ್ಲಿ ನನಗೆ ತಡವರಿಸದೆ ಬರ್ತಿದ್ದ ಪದ ಅದೊಂದೇ. ಅಜ್ಜಿಗೆ ಶ್ವಾಸಕೋಶದ ಕಾಯಿಲೆ, ಸಿಒಪಿಡಿ. ವರ್ಷಗಟ್ಟಲೆ ಸೌದೆ ಒಲೆ ಮುಂದೆ ಕೂತಿದ್ದೂ ಕಾರಣ, ಈ ಗಾಳಿಯೂ ಕಾರಣ ಅಂತ ಡಾಕ್ಟರ್ ಹೇಳಿದ್ದಾರಂತೆ. ದಿನಾ ಬೆಳಗ್ಗೆ ಅವರು ಹಾಸಿಗೆಯಿಂದಲೇ ಮೊಮ್ಮಗನನ್ನ ಒಂದೇ ಪ್ರಶ್ನೆ ಕೇಳ್ತಾರೆ: ‘ಬೆಟ್ಟ ಕಾಣ್ತಿದೆಯಾ?’ ಫುಲ್‌ಚೋಕಿ ಬೆಟ್ಟ ಕಂಡ್ರೆ ದೇವಸ್ಥಾನಕ್ಕೆ ಹೋಗಿಬರ್ತಾರೆ. ಕಾಣದಿದ್ರೆ ಕಿಟಕಿ ಮುಚ್ಚಿ ಒಳಗೇ ಇರ್ತಾರೆ, ಪಕ್ಕದಲ್ಲಿ ನೆಬ್ಯುಲೈಸರ್. ನಾನಿದ್ದ ಒಂಬತ್ತು ದಿನದಲ್ಲಿ ಅವರು ದೇವಸ್ಥಾನಕ್ಕೆ ಹೋಗಿದ್ದು ಎರಡೇ ಸಲ. ನನ್ನ ಫೋನಿನಲ್ಲಿ ಎಕ್ಯೂಐ ಆ್ಯಪ್ ಇತ್ತು. ಅಜ್ಜಿಯ ಬೆಟ್ಟಕ್ಕೂ ನನ್ನ ಆ್ಯಪ್‌ಗೂ ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ.

ಈ ಲೇಖನದಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ವಿಷಯ. ಗಾಳಿ ಚೆನ್ನಾಗಿದ್ರೆ ಅದಕ್ಕೆ ನಮ್ಮ ಒಳ್ಳೆ ನಡತೆ ಕಾರಣ ಅಂತ ನಾವು ಅಂದುಕೊಳ್ತೀವಿ. ಬಹಳ ಸಲ ಕಾರಣ ಬರೀ ಹವಾಮಾನ. ಎಕ್ಯೂಐ ನಂಬರ್ ಹಸಿರಾದ ತಕ್ಷಣ ನಾವು ಮರೆತುಬಿಡ್ತೀವಲ್ಲ, ಆ ಮರೆವೇ ಸಮಸ್ಯೆಯ ಅರ್ಧ ಭಾಗ.

ಮೊದಲು ಕಣಿವೆ ಹೇಗೆ ಕೆಲಸ ಮಾಡುತ್ತೆ ನೋಡೋಣ. ಕಠ್ಮಂಡು ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರಿಗಿಂತ ಎತ್ತರ. ಆದರೆ ಅದರ ಸುತ್ತ ಇನ್ನೂ ಎತ್ತರದ ಬೆಟ್ಟಗಳಿವೆ. ಉತ್ತರಕ್ಕೆ ಶಿವಪುರಿ, ದಕ್ಷಿಣಕ್ಕೆ ಫುಲ್‌ಚೋಕಿ, ಎರಡೂ 2,700 ಮೀಟರ್ ದಾಟಿದವು. ಪಶ್ಚಿಮದ ಕಡೆ ಚಂದ್ರಗಿರಿ, ಅದೂ 2,500ಕ್ಕಿಂತ ಎತ್ತರ. ಹಾಗಾಗಿ ಎತ್ತರದಲ್ಲಿದ್ರೂ ಅದೊಂದು ಬಟ್ಟಲು. ಮಂಜುಶ್ರೀ ಅನ್ನೋ ಬೋಧಿಸತ್ವ ಚೋಭಾರ್ ಹತ್ತಿರ ಬೆಟ್ಟವನ್ನ ಕತ್ತಿಯಿಂದ ಸೀಳಿ, ಅಲ್ಲಿದ್ದ ಸರೋವರದ ನೀರನ್ನ ಹೊರಗೆ ಬಿಟ್ಟ ಅಂತ ಅಲ್ಲಿಯವರು ಕಥೆ ಹೇಳ್ತಾರೆ. ಒಂದು ಕಾಲಕ್ಕೆ ಅಲ್ಲಿ ಸರೋವರ ಇದ್ದದ್ದು ನಿಜ ಅಂತ ಭೂವಿಜ್ಞಾನಿಗಳೂ ಒಪ್ತಾರೆ. ಇವತ್ತಿಗೂ ಬಾಗ್ಮತಿ ನದಿ ಹೊರಗೆ ಹೋಗೋದು ಅದೇ ಚೋಭಾರ್ ಕಂದರದಿಂದ. ನೀರಿಗೆ ದಾರಿ ಸಿಕ್ತು. ಚಳಿಗಾಲದ ಗಾಳಿಗೆ ಅಷ್ಟು ಸುಲಭದ ದಾರಿ ಸಿಗಲಿಲ್ಲ.

ಚಳಿಗಾಲದ ಗಾಳಿಗೆ ಮಾತ್ರ ಯಾಕೆ? ಸಾಮಾನ್ಯವಾಗಿ ಮೇಲೆ ಹೋದ ಹಾಗೆ ತಂಪು ಜಾಸ್ತಿ. ಕೆಳಗಿನ ಬಿಸಿ ಗಾಳಿ ಮೇಲೇಳುತ್ತೆ, ಹೊಗೆನೂ ಜೊತೆಗೆ ಕರ್ಕೊಂಡು ಹೋಗುತ್ತೆ. ಚಳಿಗಾಲದ ರಾತ್ರಿ, ಮೋಡ ಇಲ್ಲದ ಆಕಾಶದ ಕೆಳಗೆ, ನೆಲ ತನ್ನ ಶಾಖವನ್ನೆಲ್ಲ ಬೇಗ ಕಳ್ಕೊಳ್ಳುತ್ತೆ. ಬೆಟ್ಟದ ಇಳಿಜಾರಿನಲ್ಲಿ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಜಾರಿ ಬಟ್ಟಲಿನ ತಳದಲ್ಲಿ ತುಂಬಿಕೊಳ್ಳುತ್ತೆ. ಈಗ ಕೆಳಗೆ ತಂಪು, ಮೇಲೆ ಬೆಚ್ಚಗೆ. ಲೆಕ್ಕ ಉಲ್ಟಾ. ಇದಕ್ಕೇ ಇನ್ವರ್ಷನ್ ಅನ್ನೋದು. ತಂಪು ಗಾಳಿ ಮೇಲೇಳಲ್ಲ, ಅದರೊಳಗಿನ ಹೊಗೆಯೂ ಏಳಲ್ಲ. ನಾನು ಘಟ್ಟದ ಮೇಲಿಂದ ನೋಡಿದ ಕಂದು ಗೆರೆ ಆ ಮುಚ್ಚಳ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತೆ, ಮಧ್ಯಾಹ್ನ ಪಶ್ಚಿಮದಿಂದ ಗಾಳಿ ಬೀಸುತ್ತೆ, ಊರು ಸ್ವಲ್ಪ ಉಸಿರಾಡುತ್ತೆ. ಸಂಜೆಗೆ ಮತ್ತೆ ಮುಚ್ಚಳ. ಹಾಗಾಗಿ ಬೆಳಗ್ಗೆ ವಾಕಿಂಗ್ ಆರೋಗ್ಯಕ್ಕೆ ಒಳ್ಳೇದು ಅನ್ನೋ ಮಾತು ಅಲ್ಲಿ ಜನವರಿಯಲ್ಲಿ ನಡೆಯಲ್ಲ.

ಈಗ ವರ್ಷದ ಚಕ್ರ ನೋಡಿ. ಅಲ್ಲಿ ವರ್ಷದ ಮಳೆಯ ಸುಮಾರು ಶೇಕಡ 80 ಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತೆ. ಆಗ ಗಾಳಿ ತೊಳೆದ ಹಾಗಿರುತ್ತೆ. ಅಕ್ಟೋಬರ್‌ನಲ್ಲಿ ಹಿಮದ ಬೆಟ್ಟಗಳು ಕಾಣ್ತವೆ, ಪ್ರವಾಸಿಗರು ಬರ್ತಾರೆ. ಭತ್ತದ ಕೊಯ್ಲು ಮುಗಿದು ಚಳಿ ಶುರುವಾದ ಮೇಲೆ ಗದ್ದೆ ಬಯಲುಗಳಲ್ಲಿ ಇಟ್ಟಿಗೆ ಭಟ್ಟಿಗಳು ಹೊತ್ತಿಕೊಳ್ತವೆ. ಮುಚ್ಚಳ ಹಾಕೋ ಕಾಲವೂ ಭಟ್ಟಿ ಉರಿಯೋ ಕಾಲವೂ ಒಂದೇ. ಮಾರ್ಚ್, ಏಪ್ರಿಲ್‌ನಲ್ಲಿ ಮುಚ್ಚಳ ಸಡಿಲ ಆಗುವಷ್ಟರಲ್ಲಿ ಸುತ್ತಲ ಕಾಡುಗಳಿಗೆ ಬೆಂಕಿ. 2021ರಲ್ಲಿ ಚಳಿಗಾಲದ ಮಳೆ ಸರಿಯಾಗಿ ಆಗಲಿಲ್ಲ, ಕಾಡ್ಗಿಚ್ಚು ವಿಪರೀತ ಆಯ್ತು. ಮಾರ್ಚ್ ಕೊನೆಯಲ್ಲಿ ನೇಪಾಳ ಸರ್ಕಾರ ಬರೀ ಗಾಳಿಯ ಕಾರಣಕ್ಕೆ ದೇಶದ ಶಾಲೆಗಳನ್ನ ನಾಲ್ಕು ದಿನ ಮುಚ್ಚಿಸ್ತು. ಆಗ ಹತ್ತನೇ ಕ್ಲಾಸಿನ ಹತ್ತಿರದಲ್ಲಿದ್ದ ನನ್ನ ರೂಮ್‌ಮೇಟ್ ‘ಕೋವಿಡ್ ರಜಾ ಮುಗೀತು, ಹೊಗೆ ರಜಾ ಶುರುವಾಯ್ತು ಅಂತ ಕುಣಿದಿದ್ವಿ’ ಅಂತಾನೆ. ನಾಲ್ಕು ದಿನ ಶಾಲೆ ಮುಚ್ಚಿದ್ದು ತಪ್ಪಲ್ಲ. ಆದರೆ ಅದು ಹೊಗೆ ಕಡಿಮೆ ಮಾಡೋ ಕ್ರಮ ಅಲ್ಲ, ಮಕ್ಕಳನ್ನ ಹೊಗೆಯಿಂದ ಬಚ್ಚಿಡೋ ಕ್ರಮ. ಜೂನ್ ಬಂತು, ಮಳೆ ಬಂತು, ಬೆಟ್ಟ ಕಾಣಿಸ್ತು, ಮಾತು ನಿಂತುಹೋಯ್ತು. ಪ್ರತಿ ವರ್ಷ ಹೀಗೇ ಅಂತ ಅವನ ದೂರು.

ಇಲ್ಲಿ ಇಂಜಿನಿಯರಿಂಗ್ ಓದೋರಾದ ನಮ್ಮ ಮೊದಲ ಯೋಚನೆ ಏನು? ಒಂದು ಮಷಿನ್ ಇಡೋಣ. ನನ್ನ ಯೋಚನೆಯೂ ಅದೇ ಇತ್ತು. ಈ ಸೆಮ್ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್ ಆರಿಸ್ಕೊಂಡಿದ್ದು ‘ಸ್ಮಾರ್ಟ್ ಸ್ಮಾಗ್ ಟವರ್’. ಫ್ಯಾನು, ಫಿಲ್ಟರು, ಮೇಲೆ ಒಂದು ಸೋಲಾರ್ ಪ್ಯಾನೆಲ್, ಪಿಪಿಟಿಯಲ್ಲಿ ಬಹಳ ಚೆನ್ನಾಗಿ ಕಾಣುತ್ತೆ. ಆಮೇಲೆ ಒಂದು ರಾತ್ರಿ ಲೆಕ್ಕ ಮಾಡಿದ್ವಿ. ಕಣಿವೆಯ ತಳ 20 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲ ಅಂತ ಒರಟಾಗಿ ಇಟ್ಕೊಳ್ಳಿ. ಬೆಳಗಿನ ಮುಚ್ಚಳ 200 ಮೀಟರ್ ಎತ್ತರದಲ್ಲಿದೆ ಅಂತ ಇಟ್ಕೊಳ್ಳಿ. ಒಳಗಿರೋ ಗಾಳಿ 80 ಘನ ಕಿಲೋಮೀಟರ್, ಅಂದ್ರೆ 8,000 ಕೋಟಿ ಘನ ಮೀಟರ್. 2021ರಲ್ಲಿ ದೆಹಲಿಯ ಕನ್ನಾಟ್ ಪ್ಲೇಸ್‌ನಲ್ಲಿ ನಿಲ್ಲಿಸಿದ ದೊಡ್ಡ ಸ್ಮಾಗ್ ಟವರ್‌ನ ಸಾಮರ್ಥ್ಯ ಸೆಕೆಂಡಿಗೆ 1,000 ಘನ ಮೀಟರ್ ಅಂತ ಹೇಳಿದ್ರು. ಅಂಥದ್ದೊಂದು ಇಟ್ರೆ ಆ ಬಟ್ಟಲಿನ ಗಾಳಿ ಒಂದು ಸಲ ಫಿಲ್ಟರ್ ಆಗೋಕೆ ಎಂಟು ಕೋಟಿ ಸೆಕೆಂಡ್ ಬೇಕು. ಸುಮಾರು 926 ದಿನ. ಎರಡೂವರೆ ವರ್ಷ! ಅದೂ ಅಲ್ಲೀವರೆಗೆ ಯಾರೂ ಹೊಸದಾಗಿ ಒಂದು ಬೀಡಿನೂ ಹಚ್ಚದೇ ಇದ್ರೆ. ಲೆಕ್ಕ ತಪ್ಪಿದ್ರೆ ಮೆಕ್ಯಾನಿಕಲ್‌ನವರು ತಿದ್ದಿ. ಎಷ್ಟು ತಿದ್ದಿದ್ರೂ ಟವರ್ ಗೆಲ್ಲೋದು ಕಷ್ಟ.

ಹಾಗಾದ್ರೆ ಅಲ್ಲಿ ಏನೂ ಫಲ ಕೊಟ್ಟಿಲ್ವಾ ಅಂದ್ರೆ, ಕೊಟ್ಟಿದೆ. ಮೂರು ಉದಾಹರಣೆ ಹೇಳ್ತೀನಿ. ಮೂರರಲ್ಲೂ ಯಾರೂ ಗಾಳಿಗೆ ಕೈ ಹಾಕಲಿಲ್ಲ, ಹೊಗೆ ಹುಟ್ಟೋ ಜಾಗಕ್ಕೆ ಕೈ ಹಾಕಿದ್ರು.

ಒಂದು, ಟೆಂಪೋ. 1999ರಲ್ಲಿ ಕಣಿವೆಯಿಂದ ಡೀಸೆಲ್ ‘ವಿಕ್ರಂ’ ಟೆಂಪೋಗಳನ್ನ ಓಡಿಸಿದ್ರು. ಆ ಹೊತ್ತಿಗಾಗಲೇ ಅಲ್ಲಿ ಬ್ಯಾಟರಿಯಿಂದ ಓಡೋ ‘ಸಫಾ ಟೆಂಪೋ’ ಇತ್ತು. ಸಫಾ ಅಂದ್ರೆ ಸ್ವಚ್ಛ, ನಮ್ಮ ‘ಸಾಫ್’ ಇದ್ದ ಹಾಗೆ. ನಾವು ಇವಿ ಅಂತ ಈಗ ಸೆಮಿನಾರ್ ಮಾಡ್ತೀವಿ, ಅಲ್ಲಿ 1990ರ ದಶಕದಲ್ಲೇ ಮೂರು ಚಕ್ರದ ಇವಿ ಜನರನ್ನ ಹೊತ್ತು ಓಡಾಡ್ತಿತ್ತು. ಈಗಲೂ ಇದೆ, ಬಹಳಷ್ಟನ್ನ ಓಡಿಸೋದು ಹೆಂಗಸರು. ನಾನು ಹತ್ತಿದ ಟೆಂಪೋದ ಡ್ರೈವರ್ ಅಕ್ಕ ಒಂದು ಕೈಯಲ್ಲಿ ಚಿಲ್ಲರೆ ಎಣಿಸ್ತಾ ನಮ್ಮ ಸಿಲ್ಕ್ ಬೋರ್ಡ್‌ನ ನೆನಪಿಸೋ ಟ್ರಾಫಿಕ್ಕಲ್ಲಿ ನುಗ್ಗಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡು, ಕರೆಂಟು. 2016ರವರೆಗೂ ಕಠ್ಮಂಡುವಿನಲ್ಲಿ ಭಯಂಕರ ಲೋಡ್ ಶೆಡ್ಡಿಂಗ್. ಕೆಲವು ಚಳಿಗಾಲಗಳಲ್ಲಿ ದಿನಕ್ಕೆ 16 ಗಂಟೆಯವರೆಗೆ ಹೋಗಿದ್ದುಂಟು. ಅಂಗಡಿ, ಆಸ್ಪತ್ರೆ, ಹೋಟೆಲ್ ಎಲ್ಲ ಕಡೆ ಡೀಸೆಲ್ ಜನರೇಟರ್. ಕರೆಂಟ್ ಹಂಚಿಕೆ ಸರಿಹೋಗಿ ಲೋಡ್ ಶೆಡ್ಡಿಂಗ್ ನಿಂತ ಮೇಲೆ ಜನರೇಟರ್‌ಗಳೂ ಬಾಯಿ ಮುಚ್ಕೊಂಡ್ವು. ಗಾಳಿಗೋಸ್ಕರ ಮಾಡಿದ ಕೆಲಸ ಅಲ್ಲ ಅದು, ಆದರೂ ಅಷ್ಟು ಹೊಗೆ ಹುಟ್ಟೋದೇ ನಿಂತುಹೋಯ್ತು.

ಮೂರು, ಇಟ್ಟಿಗೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಣಿವೆಯ ಬಹಳಷ್ಟು ಭಟ್ಟಿಗಳ ಚಿಮಣಿ ಬಿದ್ದುಹೋಯ್ತು. ಮನೆಗಳೂ ಬಿದ್ದಿದ್ವು, ಇಟ್ಟಿಗೆ ಬೇಕೇ ಬೇಕು. ಮತ್ತೆ ಕಟ್ಟುವಾಗ ಅನೇಕರು ಝಿಗ್‌ಝ್ಯಾಗ್ ಭಟ್ಟಿ ಕಟ್ಟಿದ್ರು. ಇಟ್ಟಿಗೆ ಜೋಡಿಸೋ ರೀತಿಯನ್ನ ಬದಲಿಸಿ, ಬಿಸಿ ಗಾಳಿ ನೇರ ಹೋಗದೆ ಹಾವಿನ ಹಾಗೆ ಅಂಕುಡೊಂಕಾಗಿ ಹೋಗೋ ಹಾಗೆ ಮಾಡೋದು. ಕಲ್ಲಿದ್ದಲು ಚೆನ್ನಾಗಿ ಉರಿಯುತ್ತೆ, ಕಡಿಮೆ ಸಾಕು, ಕಪ್ಪು ಹೊಗೆಯೂ ಕಡಿಮೆ. ಫ್ಯಾನ್ಸಿ ಸೆನ್ಸರ್ ಇಲ್ಲ, ಎಐ ಇಲ್ಲ. ಇಟ್ಟಿಗೆ ಜೋಡಿಸೋ ಕ್ರಮ ಬದಲಾಯ್ತು, ಅಷ್ಟೇ. ಇದಕ್ಕಿಂತ ಒಳ್ಳೆ ಇಂಜಿನಿಯರಿಂಗ್ ನಾನು ಈ ವರ್ಷ ಯಾವ ಟೆಕ್ ಫೆಸ್ಟ್‌ನಲ್ಲೂ ನೋಡಲಿಲ್ಲ.

ಇಷ್ಟಾದ್ರೂ ಅಜ್ಜಿಗೆ ಬೆಟ್ಟ ಯಾಕೆ ಕಾಣ್ತಿಲ್ಲ? ಯಾಕಂದ್ರೆ ಒಂದು ಕಡೆ ಕಡಿಮೆಯಾದ್ರೆ ಇನ್ನೊಂದು ಕಡೆ ಜಾಸ್ತಿಯಾಯ್ತು. ಬೈಕು, ಬಸ್ಸು, ಕಟ್ಟಡ, ರಸ್ತೆ ಅಗೆದ ಧೂಳು, ಬೀದಿಯಲ್ಲಿ ಸುಡೋ ಕಸ. ಭಟ್ಟಿಯವರು ಬಸ್ ಕಡೆ ಕೈ ತೋರಿಸ್ತಾರೆ, ಬಸ್ಸಿನವರು ರಸ್ತೆ ಧೂಳಿನ ಕಡೆ, ರಸ್ತೆಯವರು ಕಾಡ್ಗಿಚ್ಚಿನ ಕಡೆ. ಕೊನೆಗೆ ಎಲ್ಲರೂ ದಕ್ಷಿಣಕ್ಕೆ, ಅಂದ್ರೆ ನಮ್ಮ ದೇಶದ ಕಡೆ. ಆ ಮಾತಲ್ಲಿ ಸುಳ್ಳಿಲ್ಲ, ಗಂಗಾ ಬಯಲಿನ ಹೊಗೆ ಗಡಿ ದಾಟಿ ಅಲ್ಲಿಗೂ ಹೋಗುತ್ತೆ. ಆದರೆ ಎಲ್ಲರ ಬೆರಳೂ ಬೇರೆಯವರ ಕಡೆ ಇರುವಷ್ಟರಲ್ಲಿ ಮಳೆಗಾಲ ಬಂದುಬಿಡುತ್ತೆ.

ಈಗ ನಮ್ಮ ಕ್ಯಾಂಪಸ್ಸಿಗೆ ಬರ್ತೀನಿ. ಬೆಂಗಳೂರು ಬಟ್ಟಲಲ್ಲ, ಪ್ರಸ್ಥಭೂಮಿ. ಸುತ್ತ ಗೋಡೆ ಇಲ್ಲ, ಗಾಳಿ ಆಡುತ್ತೆ. ನನ್ನ ರೂಮ್‌ಮೇಟ್ ಮೊದಲ ಸೆಮ್‌ನಲ್ಲಿ ‘ನಿಮ್ಮೂರಲ್ಲಿ ಗಾಳಿ ಫ್ರೀ’ ಅಂದಾಗ ನನಗೆ ಹೆಮ್ಮೆಯಾಗಿತ್ತು, ನಾನೇ ಬೀಸಿದ ಗಾಳಿ ಅನ್ನೋ ಹಾಗೆ. ಅಲ್ಲಿಂದ ವಾಪಸ್ ಬಂದ ಮೇಲೆ ಟವರ್ ಬಿಟ್ಟು, ಆನ್‌ಲೈನ್‌ನಲ್ಲಿ ತರಿಸಿದ ಒಂದು ಪಿಎಂ 2.5 ಸೆನ್ಸರ್‌ನ ಹಾಸ್ಟೆಲ್ ಗ್ರೌಂಡ್ ಫ್ಲೋರ್ ವರಾಂಡದಲ್ಲಿ ಇಟ್ವಿ. ಪಿಎಂ 2.5 ಅಂದ್ರೆ ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು ಸಣ್ಣ ಕಣ, ಮೂಗು ತಡೆಯೋಕಾಗಲ್ಲ, ಸೀದಾ ಶ್ವಾಸಕೋಶದ ಆಳಕ್ಕೆ ಹೋಗುತ್ತೆ. ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರೋ ಕಾಲ. ಮೆಸ್ ಹಿಂದೆ ಗುಡ್ಡೆ ಹಾಕಿ ಸುಡ್ತಿದ್ದರಲ್ಲ, ನಿಮಗೂ ನೆನಪಿರಬಹುದು. ಮಧ್ಯಾಹ್ನ ಸುಟ್ಟ ದಿನ ಸೆನ್ಸರ್ ರೀಡಿಂಗ್ ಏರಿ ಹತ್ತು ನಿಮಿಷಕ್ಕೆ ಇಳೀತಿತ್ತು. ಬೆಳಗ್ಗೆ ಆರೂವರೆಗೆ ಸುಟ್ಟ ದಿನ ಒಂದು ಗಂಟೆಯಾದ್ರೂ ಇಳೀತಿರಲಿಲ್ಲ. ಇಂಥ ಅಗ್ಗದ ಸೆನ್ಸರ್ ತೇವ ಇದ್ರೆ ಜಾಸ್ತಿ ತೋರಿಸುತ್ತೆ ಅನ್ನೋದು ನಿಜ, ಅದಕ್ಕೇ ಸುಡದ ದಿನದ ಬೆಳಗಿನ ರೀಡಿಂಗ್ ಜೊತೆ ಹೋಲಿಸಿ ನೋಡಿದ್ವಿ. ವ್ಯತ್ಯಾಸ ಎದ್ದು ಕಾಣ್ತಿತ್ತು. ಅದೇ ಎಲೆ, ಅದೇ ಬೆಂಕಿ. ಬೆಳಗಿನ ಹೊತ್ತು ನಮಗೂ ಒಂದು ಸಣ್ಣ ಮುಚ್ಚಳ ಇದೆ.

‘ನಾಲ್ಕು ಎಲೆ ಸುಟ್ರೆ ಏನಾಗುತ್ತೆ, ಹೊರಗೆ ಲಕ್ಷಗಟ್ಟಲೆ ಗಾಡಿ ಓಡಾಡ್ತವೆ’ ಅಂತ ನನ್ನ ಟೀಮ್‌ನವರೇ ಕೇಳಿದ್ರು. ಗಾಡಿಯ ಹೊಗೆ ದೊಡ್ಡದು, ಒಪ್ತೀನಿ. ಆದರೆ ಗ್ರೌಂಡ್ ಫ್ಲೋರ್‌ನಲ್ಲಿ ಇನ್‌ಹೇಲರ್ ಇಟ್ಕೊಂಡು ಮಲಗೋ ನಮ್ಮ ಕ್ಲಾಸಿನವನೊಬ್ಬ ಇದ್ದಾನೆ. ಫೆಬ್ರವರಿಯಲ್ಲಿ ಅವನು ಎರಡು ಇಂಟರ್ನಲ್ಸ್ ತಪ್ಪಿಸಿಕೊಂಡ. ಅವನಿಗೆ ಸಿಲ್ಕ್ ಬೋರ್ಡ್ ದೂರ, ಎಲೆ ಗುಡ್ಡೆ ಕಿಟಕಿಯ ಹೊರಗೇ ಇದೆ. ಕಾನೂನಿನ ಮಾತು ಬೇಕಾದ್ರೆ ಅದೂ ಇದೆ: 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಕಸವನ್ನ ಬಯಲಲ್ಲಿ ಸುಡುವ ಹಾಗಿರಲಿಲ್ಲ, ಅದೇ ವರ್ಷ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿದೆ.

ನಾನು ಆ ನಿಯಮದ ಪ್ರಿಂಟ್‌ಔಟ್ ಹಿಡ್ಕೊಂಡು ತೋಟದ ಕೆಲಸದ ಅಣ್ಣನ ಹತ್ರ ಹೋದೆ. ಈಗ ನೆನೆಸ್ಕೊಂಡ್ರೆ ನಾಚಿಕೆಯಾಗುತ್ತೆ. ಅವರು ಓದಿಸಿ ಕೇಳಿ, ‘ಸುಡೋಕೆ ನಂಗೇನು ಆಸೆನಾ? ಹೊಗೆ ಮೊದ್ಲು ಕುಡಿಯೋನು ನಾನು. ಲಾರಿ ಕಳ್ಸಿ ಅಂದ್ರೆ ಕಳ್ಸಲ್ಲ. ಗುಂಡಿ ತೋಡ್ಸಿಕೊಡಿ, ನಾನ್ಯಾಕೆ ಬೆಂಕಿ ಹಾಕ್ಲಿ?’ ಅಂದ್ರು. ಹೊಗೆ ಹುಟ್ಟೋ ಜಾಗ ಯಾವುದು ಅಂತ ನಾನು ತಪ್ಪು ತಿಳ್ಕೊಂಡಿದ್ದೆ. ಬೆಂಕಿಕಡ್ಡಿ ಹಿಡಿದ ಕೈ ಅಲ್ಲ ಅದು, ಎಲೆಗೆ ಹೋಗೋಕೆ ಬೇರೆ ಜಾಗ ಇಲ್ಲದೇ ಇರೋದು.

ಮಾರ್ಚ್‌ನಲ್ಲಿ ಈ ವಿಷಯಕ್ಕೆ ಅರವತ್ತು ಜನ ಸಹಿ ಹಾಕಿದ್ರು, ಗ್ರೂಪ್‌ನಲ್ಲಿ ಭಾರೀ ಚರ್ಚೆ ನಡೀತು. ಏಪ್ರಿಲ್ ಕೊನೆಗೆ ಮಳೆ ಬಿತ್ತು, ಸುಡೋದು ನಿಂತಿತು. ಗ್ರೂಪ್‌ನಲ್ಲಿ ಕೊನೇ ಮೆಸೇಜ್ ಮೇ 2ರದ್ದು. ಅದೂ ಮೀಮ್. ಸಹಿ ಮಾಡಿದ ಹಾಳೆ ಇನ್ನೂ ನನ್ನ ಬ್ಯಾಗಲ್ಲೇ ಇದೆ. ಕಠ್ಮಂಡುವಿನವರಿಗೆ ಮರೆವು ಅಂತ ಬರೆಯೋಕೆ ಹೊರಟ ನಾನು ಮಾಡಿದ್ದೂ ಅದನ್ನೇ.

ಅದಕ್ಕೇ ಇದನ್ನ ಜುಲೈನಲ್ಲಿ, ಎಕ್ಯೂಐ ಹಸಿರಿರುವಾಗ ಬರೀತಿದ್ದೀನಿ. ಎಲೆ ಉದುರೋಕೆ ಇನ್ನೂ ಆರು ತಿಂಗಳಿದೆ. ನೆಲ ಈಗ ಮೆತ್ತಗಿದೆ, ಗುಂಡಿ ತೋಡೋದು ಸುಲಭ. ಗ್ರೌಂಡಿನ ಹಿಂದೆ ನಾಲ್ಕು ಗುಂಡಿ, ಮೇಲೆ ಜಾಲರಿ, ಆಗಾಗ ಸಗಣಿ ನೀರು. ಕೆಲವು ತಿಂಗಳಲ್ಲಿ ಗೊಬ್ಬರ ಆಗುತ್ತೆ, ತೋಟಕ್ಕೇ ಹಾಕಬಹುದು. ಅಣ್ಣ ಜಾಗ ತೋರಿಸ್ತೀನಿ ಅಂದಿದ್ದಾರೆ. ಸಹಿ ಹಾಳೆ ಈ ಸೋಮವಾರ ಆಫೀಸಿಗೆ ಕೊಡ್ತೀವಿ. ಅನುಮತಿ ಸಿಕ್ಕಿದ ಮೇಲೆ ಬರೋ ಮೊದಲ ಶನಿವಾರ ಗುದ್ದಲಿ ಹಿಡಿಯೋಕೆ ಹತ್ತು ಜನ ಬೇಕು. ಮಾರ್ಚ್‌ನಲ್ಲಿ ಸಹಿ ಹಾಕಿದ ಅರವತ್ತು ಜನರ ಹೆಸರು ನನ್ನ ಹತ್ರ ಇದೆ, ನಾನೇ ರೂಮಿಗೆ ಬರ್ತೀನಿ.

ಫೋಟೋ ನೋಡಿದ ರಾತ್ರಿ ರೂಮ್‌ಮೇಟ್ ಮನೆಗೆ ಫೋನ್ ಮಾಡಿದ್ದ. ಅಜ್ಜಿ ಈಗ ದಿನಾ ದೇವಸ್ಥಾನಕ್ಕೆ ಹೋಗ್ತಿದ್ದಾರಂತೆ. ‘ಜನವರಿಯಲ್ಲಿ ಬರ್ತೀಯಾ?’ ಅಂತ ನನ್ನನ್ನೂ ಕೇಳಿದ್ರು. ಬರ್ತೀನಿ ಅಂದೆ.